ಗೀಚಕ್ಷರದ ಶೀರ್ಷಿಕೆಗಳು: ಕನ್ನಡ ಲಿಪಿಯ ದೃಷ್ಟಿಯಿಂದ ಒಂದು ವಿವೇಚನೆ

ದೆವ್ವದ ಕಥೆಗಳಿಗೂ ಮಕ್ಕಳ ವಿನೋದ ಪುಸ್ತಕಗಳಿಗೂ ಶೀರ್ಷಿಕೆ ಬರೆಯುವಾಗ, ನಡುಗುವ ಕೈಯಿಂದ ಗೀಚಿದಂತೆ ತೋರುವ ಅಕ್ಷರಗಳನ್ನು ಬಳಸುವ ರೂಢಿಯುಂಟು. ಇವನ್ನು ನಾವು ಇಲ್ಲಿ ಗೀಚಕ್ಷರಗಳೆಂದು ಕರೆಯುತ್ತೇವೆ. ರೋಮನ್ ಲಿಪಿಯಲ್ಲಿ ಇಂತಹ ಫಾಂಟುಗಳು ವಿಪುಲವಾಗಿವೆ. ಅದೇ ರೀತಿಯನ್ನು ಕನ್ನಡಕ್ಕೆ ತರುವಾಗ ಒದಗುವ ತೊಡಕು ಯಾವುದೆಂಬುದೇ ಪ್ರಕೃತ ವಿಷಯ.

ಇದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಬಿನ್ನಿ ಬಟ್ಟೆಗಿರಣಿಯಿಂದ ಹೆಸರು ಪಡೆದ ಬಿನ್ನಿಪೇಟೆಯಂತಹ ಹಳೆಯ ಬಡಾವಣೆಗಳುಳ್ಳ ಈ ನಗರದಲ್ಲಿ, 1990ರ ದಶಕದಲ್ಲಿ ಒಂದು ವದಂತಿ ಹಬ್ಬಿತ್ತು. ರಾತ್ರಿಯ ವೇಳೆ ಒಂದು ಹೆಣ್ಣುದೆವ್ವವು ಮನೆಯವರ ದನಿಯಲ್ಲಿ ಕರೆದು ಬಾಗಿಲು ತಟ್ಟುವುದೆಂದೂ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಅದನ್ನು ಓದಿ ಹಿಂದಿರುಗುವುದೆಂದೂ ಜನ ನಂಬಿದರು. ಮರುದಿನ ಬಂದರೂ ಬರಹ ಅದೇ ಆದ್ದರಿಂದ ಆ 'ನಾಳೆ' ಎಂದಿಗೂ ಬಾರದು. ಭಯವೂ ವಿನೋದವೂ ಬೆರೆತ ಈ ಕಲ್ಪನೆಯಲ್ಲಿ ಒಂದು ತತ್ತ್ವ ಅಡಗಿದೆ: ಅಕ್ಷರ ಎಷ್ಟೇ ವಕ್ರವಾಗಿರಲಿ, ದೆವ್ವಕ್ಕೆ ಅದು ಓದಲು ಬರಬೇಕು; ಇಲ್ಲದಿದ್ದರೆ ಮನೆಗೆ ರಕ್ಷಣೆಯಿಲ್ಲ.

ಕನ್ನಡದಲ್ಲಿ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುವಾಗ, ನಾರಿನ ಗುಂಟ ಎಳೆದ ನೇರ ಗೀಟು ಗರಿಯನ್ನು ಸೀಳಬಹುದು. ನಮ್ಮ ಲಿಪಿ ದುಂಡಗಾದುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದು. ಇಂತಹ ಲಿಪಿಯಲ್ಲಿ ಚಿಕ್ಕದೊಂದು ಗೀಟಿಗೂ ಅರ್ಥವುಂಟು. 'ದ'ಕಾರದ ಬುಡದಲ್ಲಿ ಒಂದು ಗೀರು ಬಿದ್ದರೆ ಅದು 'ಧ'ಕಾರವಾಗುತ್ತದೆ, 'ದನ'ವು 'ಧನ'ವಾಗುತ್ತದೆ. 'ಧ'ಕಾರದ ಒಡಲಿನಲ್ಲಿ ಮಸಿಯ ಚುಕ್ಕೆ ಬಿದ್ದರೆ 'ಥ'ಕಾರ. 'ಪ'ಕಾರದ ಬುಡಕ್ಕೆ ಗೀರು ತಗುಲಿದರೆ 'ಫ', ಹೊಟ್ಟೆಯಲ್ಲಿ ತಗುಲಿದರೆ 'ಷ'. ರೋಮನ್ ಅಕ್ಷರದಲ್ಲಿ ಬರಿಯ ಅಲಂಕಾರವೆನಿಸುವ ಗೀರು ಇಲ್ಲಿ ಬೇರೊಂದು ವರ್ಣವನ್ನೇ ಹುಟ್ಟಿಸಬಲ್ಲದು.

ಆದಕಾರಣ ಗೀಚುವಿಕೆಗೆ ಸ್ಥಾನನಿರ್ದೇಶ ಅವಶ್ಯಕ. ತಲೆಕಟ್ಟಿನ ತುದಿ, ರೇಖೆಯ ಅಂಚು ಮತ್ತು ದಪ್ಪ, ಸಾಲಿನ ಏರಿಳಿತ, ಇವುಗಳಲ್ಲಿ ಕಲಾವಿದನು ಸ್ವೇಚ್ಛೆಯಿಂದ ವರ್ತಿಸಬಹುದು. ಅಕ್ಷರದ ಬುಡವನ್ನೂ ಒಡಲನ್ನೂ ಮಾತ್ರ ಶುದ್ಧವಾಗಿ ಉಳಿಸಿಕೊಳ್ಳಬೇಕು.

ಇನ್ನೊಂದು ಅಂಶವೂ ಗಮನಾರ್ಹವಾಗಿದೆ. 'ನಾಳೆ ಬಾ' ಎಂಬಲ್ಲಿ ದೀರ್ಘದ ಚಿಹ್ನೆ ಎರಡು ಸಲ ಬರುತ್ತದೆ. ಮನುಷ್ಯನ ಕೈ ಅದನ್ನು ಎರಡು ಸಲವೂ ಒಂದೇ ರೀತಿ ಬರೆಯದು. ಸೀಸದ ಅಚ್ಚುಮೊಳೆಯಾದರೋ ಒಂದೇ ರೂಪವನ್ನು ಒತ್ತುತ್ತದೆ. ನಡುಕವು ಯಥಾವತ್ತಾಗಿ ಮರುಕಳಿಸಿದೊಡನೆ ಯಂತ್ರದ ಗುಟ್ಟು ಬಯಲಾಗಿ ಭಯ ಮಾಯವಾಗುತ್ತದೆ. ಇಂದಿನ ಓಪನ್‌ಟೈಪ್ ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನಿರಿಸಿ, ಅಕ್ಕಪಕ್ಕದ ಅಕ್ಷರಗಳಿಗೆ ಅನುಸಾರವಾಗಿ ಬದಲಾಯಿಸುವ ಸೌಕರ್ಯವಿದೆ. ಆದರೆ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸೇರಿ ಕನ್ನಡ ಫಾಂಟಿಗೆ ಮೊದಲೇ ನೂರಾರು ರೂಪಗಳು ಬೇಕು. ಪ್ರತಿಯೊಂದಕ್ಕೂ ಎರಡು ಮೂರು ಪಾಠಾಂತರಗಳನ್ನು ಬರೆಯಹೊರಟರೆ ಶ್ರಮವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ದೀರ್ಘ, ಕೊಂಬು, ತಲೆಕಟ್ಟುಗಳಂತಹ ಮೇಲಿಂದ ಮೇಲೆ ಬರುವ ಅಂಗಗಳಿಗೆ ಮೊದಲು ರೂಪಭೇದಗಳನ್ನು ರಚಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.