ಕೆರೆಯ ನೀರಿನಲ್ಲಿ ಪ್ರಾಣವಾಯುವಿನ ಲೆಕ್ಕ

ವಾಳಕೇಶ್ವರದ ಬಾಣಗಂಗಾ ಪುಷ್ಕರಿಣಿಯಲ್ಲಿ ಪಿತೃಪಕ್ಷ ಮುಗಿಯುವ ಹೊತ್ತಿಗೆ ಮೀನುಗಳು ಸತ್ತು ತೇಲಿದ ಸಂಗತಿ ಮುಂಬಯಿಯ ಪತ್ರಿಕೆಗಳಲ್ಲಿ ಹಲವು ವರ್ಷ ವರದಿಯಾಗಿದೆ. ಆ ದಿನಗಳಲ್ಲಿ ನೀರಿಗೆ ಬೀಳುವುದು ಪಿಂಡದ ಅನ್ನ, ಹಿಟ್ಟು, ಹೂವು. ಅನ್ನವೇ ಮೀನಿನ ಪ್ರಾಣಕ್ಕೆ ಮುಳುವಾಗುವ ಬಗೆಯನ್ನರಿಯಲು ನೀರಿನಲ್ಲಿ ಕರಗಿರುವ ಆಮ್ಲಜನಕದ ಜಮಾಖರ್ಚನ್ನು ನೋಡಬೇಕು.

ಜಮೆಯಾಗುವುದು ಎರಡು ದಾರಿಯಿಂದ: ಮೇಲ್ಮೈಯ ಮೂಲಕ ಗಾಳಿಯಿಂದ, ಹಗಲಿನಲ್ಲಿ ಪಾಚಿಯಿಂದ. ಖರ್ಚಿನ ಬಾಬುಗಳು ಹೆಚ್ಚು. ಜಲಚರಗಳ ಉಸಿರಾಟ, ರಾತ್ರಿ ಆ ಪಾಚಿಯದೇ ಉಸಿರಾಟ, ತಳದ ಕೆಸರು, ಎಲ್ಲಕ್ಕೂ ಮಿಗಿಲಾಗಿ ಕೊಳೆಯುವ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳು. ಕೊಳೆಯುವಿಕೆಯ ವೆಚ್ಚವನ್ನೂ ಗಾಳಿಯ ವರಮಾನವನ್ನೂ ಒಂದೇ ಸಮೀಕರಣದಲ್ಲಿ ಹಿಡಿದವರು ಸ್ಟ್ರೀಟರ್ ಮತ್ತು ಫೆಲ್ಪ್ಸ್; 1925ರಲ್ಲಿ, ಅಮೆರಿಕದ ಒಹಾಯೊ ನದಿಯನ್ನು ಕುರಿತು. ಹರಿಯುವ ನದಿ ಗಾಳಿಯನ್ನು ಬೇಗನೆ ಸೆಳೆದುಕೊಳ್ಳುತ್ತದೆ. ನಿಂತ ನೀರಿಗೆ ಆ ಭಾಗ್ಯವಿಲ್ಲ.

ನಮ್ಮ ಸೆಕೆ ಇನ್ನೊಂದು ತೊಡಕು. ಲೀಟರು ನೀರು 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ 7.5 ಮಾತ್ರ. ಅದೇ ಏರಿಕೆಗೆ ಕೊಳೆಯುವ ವೇಗವಾದರೋ ಒಂದೂವರೆ ಪಟ್ಟಿಗೂ ತುಸು ಹೆಚ್ಚು. ಹಣದ ಪೆಟ್ಟಿಗೆ ಚಿಕ್ಕದಾದಂತೆಲ್ಲ ವೆಚ್ಚ ದೊಡ್ಡದಾಗುವ ವಿಚಿತ್ರ ಸಂಸಾರವಿದು!

ಒಂದು ಕಲ್ಪಿತ ಉದಾಹರಣೆ. ಸೂರ್ಯಾಸ್ತಕ್ಕೆ ಕೊಳದಲ್ಲಿ ಲೀಟರಿಗೆ 7.2 ಮಿಲಿಗ್ರಾಂ ಇದೆಯೆಂದೂ, ಗಾಳಿಯಿಂದ ಬರುವುದನ್ನು ಹೊಂದಿಸಿದ ಮೇಲೆ ಗಂಟೆಗೆ 0.4ರಂತೆ ಕರಗುತ್ತದೆಂದೂ ಇಟ್ಟುಕೊಂಡರೆ, ಹನ್ನೆರಡು ಗಂಟೆಗಳಲ್ಲಿ 2.4 ಉಳಿಯುವುದು. ಗಟ್ಟಿ ಮೀನುಗಳು ಹೇಗೋ ತಾಳಿಯಾವು. ಅನ್ನ ಬಿದ್ದು ವೆಚ್ಚ 0.6ಕ್ಕೆ ಏರಿತೆನ್ನೋಣ, ಬೆಳಗಿಗೆ ಉಳಿದುದು ಸೊನ್ನೆ. ಮೋಡ ಕವಿದ ಭಾದ್ರಪದದಲ್ಲಿ ಪಾಚಿಯ ಹಗಲ ಸಂಪಾದನೆಯೂ ಕಡಮೆಯಾದರೆ, ಸಂಜೆಯ ಮೊತ್ತವೇ 7.2ಕ್ಕೆ ತಲುಪದು.

ಆದುದರಿಂದ ಮಧ್ಯಾಹ್ನ ಸೀಸೆಯಲ್ಲಿ ತುಂಬಿದ ನೀರಿನ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. ಪಾಚಿಗಟ್ಟಿದ ಕೆರೆ ಆ ಹೊತ್ತಿನಲ್ಲಿ ಅತ್ಯಂತ ಶ್ರೀಮಂತವಾಗಿ ಕಾಣುತ್ತದೆ. ಅದರ ಬಡತನ ಬಯಲಾಗುವುದು ಬೆಳಗಿನ ಜಾವ. ಆಳದ ಜಲಾಶಯಗಳಿಗೆ ಪದರ ಪದರವಾಗಿಯೂ ಲೆಕ್ಕವಿಡಬೇಕು, ಮೇಲಿನ ಬಿಸಿನೀರು ತಳಕ್ಕೆ ಗಾಳಿಯನ್ನು ಬಿಡದು. ನಗರಕ್ಕೆ ಇಂದಿಗೂ ಕುಡಿಯುವ ನೀರು ಕೊಡುವ, 1860ರ ವಿಹಾರ ಸರೋವರವನ್ನು ಸುತ್ತಣ ಅರಣ್ಯ ಕಾಯುತ್ತಿದೆ. 1890ರ ಸುಮಾರಿಗೆ ಕಟ್ಟಿದ ನೆರೆಯ ಪವಾಯಿಗೆ ಆ ರಕ್ಷೆ ಉಳಿಯಲಿಲ್ಲ. ಅದಕ್ಕೆ ವಸತಿಗಳ ಕೊಳಚೆ ಸೇರಿತು, ಅಂತರಗಂಗೆ ಹಬ್ಬಿತು. ಆ ಹಸಿರು ಹೊದಿಕೆ ಗಾಳಿಯನ್ನೂ ಬಿಸಿಲನ್ನೂ ಒಟ್ಟಿಗೆ ತಡೆಯುವುದರಿಂದ, ಅದರಡಿಯ ನೀರಿಗೆ ಜಮೆಯ ಎರಡು ದಾರಿಗಳೂ ಹಗಲಿನಲ್ಲಿಯೇ ಮುಚ್ಚಿಹೋಗುತ್ತವೆ.