ಹುದ್ದೆಯಿಲ್ಲದ ಒಂದು ಕೆಲಸ

ದಸರಾ ರಜೆ ಮುಗಿದ ಮೇಲೆ ಬೀದರ್ ಜಿಲ್ಲೆಯ ಔರಾದ್ ಕಡೆಯ ತಾಂಡಾ ಶಾಲೆಗಳ ಹಾಜರಿ ಪುಸ್ತಕ ನೋಡಬೇಕು. ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಅಪ್ಪ-ಅಮ್ಮ ಮಹಾರಾಷ್ಟ್ರ, ಹೈದರಾಬಾದ್ ಕಡೆ ಹೊರಟರೆ ಮಕ್ಕಳೂ ಬೆನ್ನುಹತ್ತುತ್ತವೆ. ಮಾಸ್ತರರು ಗೈರುಹಾಜರಿ ಬರೆದುಕೊಂಡು ಪಾಠ ಮುಂದುವರಿಸುತ್ತಾರೆ. ಮಗುವನ್ನು ಅಜ್ಜಿಯ ಹತ್ತಿರ ಉಳಿಸಿಕೊಳ್ಳಬಹುದಿತ್ತೇ, ಹೋದ ಊರಲ್ಲಿ ಅದಕ್ಕೊಂದು ಶಾಲೆ ಸಿಕ್ಕಿತೇ ಎಂದು ವಿಚಾರಿಸುವುದು ಯಾರ ಕೆಲಸ?

ಕೆಲವು ದೇಶಗಳಲ್ಲಿ ಇದಕ್ಕೊಂದು ಹುದ್ದೆಯೇ ಇದೆ: ಶಾಲಾ ಸಮಾಜ ಕಾರ್ಯಕರ್ತರು. 1906-07ರ ಸುಮಾರಿಗೆ ನ್ಯೂಯಾರ್ಕ್, ಬಾಸ್ಟನ್‌ಗಳಲ್ಲಿ ಬಡ ವಲಸಿಗರ ಮನೆಗಳಿಗೆ ಹೋಗಿಬರುತ್ತಿದ್ದ ಶಿಕ್ಷಕಿಯರಿಂದ ಶುರುವಾದದ್ದು. ಕೇರಳದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆ ಶಾಲೆಗಳಿಗೆ ಕೌನ್ಸೆಲರ್‌ಗಳನ್ನು ಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಮಾಜ ಕಾರ್ಯಕರ್ತರನ್ನು ಶಾಲೆಗೆ ಜೋಡಿಸಬೇಕೆಂದು ಹೇಳಿದೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಂಜೂರಾದ ಹುದ್ದೆಗಳಲ್ಲಿ ಮಾತ್ರ ಆ ಹೆಸರಿಲ್ಲ. ಹಾಗಾಗಿ ಹೆಡ್‌ಮಾಸ್ತರ್, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆ ತಮ್ಮ ಕೆಲಸದ ನಡುವೆ ಒಬ್ಬೊಬ್ಬರು ಒಂದಿಷ್ಟು ಮಾಡುತ್ತಾರೆ.

ಮಗು ಮಂಕಾಗಿ ಕೂತರೆ ಬೈಯುವ ಮುಂಚೆ ಅದರ ಮನೆಗೆ ಹೋಗುವುದು ಈ ಕಸುಬಿನ ಮೊದಲ ಪಾಠ. ಹೋದಾಗಲೇ ಗೊತ್ತಾಗುವುದು, ತಂದೆ ತೀರಿಕೊಂಡಿದ್ದಾನೆ, ತಾಯಿ ಕೂಲಿಗೆ ಹೋದರೆ ತಮ್ಮನನ್ನು ನೋಡಿಕೊಳ್ಳುವುದು ಈ ಹುಡುಗಿಯೇ ಎಂದು. ಅಂಥ ಮಗುವಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಇದನ್ನು ನೋಡಿಕೊಳ್ಳುವುದು ಬೀದರ್‌ನ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಆದರೆ ಮರಣ ಪತ್ರ, ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಕೂಡಿಸಬೇಕಲ್ಲ! ದಿನದ ಕೂಲಿ ಬಿಟ್ಟು ಗಡಿ ಹಳ್ಳಿಯಿಂದ ಬಂದ ತಾಯಿಗೆ ‘ಒಂದು ಕಾಗದ ಕಮ್ಮಿ ಅದ, ನಾಳಿ ಬರ್ರಿ’ ಅಂದರೆ ಆಕೆ ಮತ್ತೆ ಬರುವುದಿಲ್ಲ. ಕಾಗದ ಹೊಂದಿಸಿಕೊಡುವುದೇ ಈ ಕೆಲಸದ ಅರ್ಧ ಪಾಲು. ಆಪ್ತಸಮಾಲೋಚನೆ ಆಮೇಲಿನ ಮಾತು. ಅದಕ್ಕೂ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಕೇಳುವ ಮಗುವಿನ ಜೊತೆ ಮಾತಾಡಬಲ್ಲವರು ಬೇಕು.

ಇದೇ ಜಿಲ್ಲೆಯ ಭಾಲ್ಕಿಗೆ ಮಕ್ಕಳ ಕಾಳಜಿ ಹೊಸದಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಹಿರೇಮಠ ಸಂಸ್ಥಾನ ಇಂದಿಗೂ ಅನಾಥ ಮಕ್ಕಳನ್ನು ಸಾಕಿ ಓದಿಸುತ್ತಿದೆ. ಆದರೆ ಮಠಕ್ಕೆ ಬಂದು ಸೇರುವುದು ಯಾರೂ ಇಲ್ಲದ ಮಗು. ಮನೆ-ಮಂದಿ ಇದ್ದೂ ಶಾಲೆ ತಪ್ಪಿದ ಮಗುವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಬೀದರ್ ನಗರದ್ದು ಬೇರೆಯೇ ಕತೆ. 2020ರ ಜನವರಿಯಲ್ಲಿ ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ವಿರುದ್ಧ ದಾಖಲಾದ ಪ್ರಕರಣದಲ್ಲಿ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧದೊಂದಿಗೆ ಹಾಗೆ ಮಾಡಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕುಗಳ ಉಲ್ಲಂಘನೆ ಎಂದು 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ಹೇಳಿತು. ಮಕ್ಕಳ ಪರವಾಗಿ ಮಾತಾಡುವುದೇ ಕೆಲಸವಾಗಿರುವ ಒಬ್ಬರು ಶಾಲೆಯಲ್ಲಿ ಇರಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಓದಿದವರು ಈ ಭಾಗದಲ್ಲೇ ಇದ್ದಾರೆ. ಕ್ಲಸ್ಟರಿಗೊಬ್ಬರಂತೆ ನೇಮಿಸಬೇಕು, ಅದೂ ಔರಾದ್‌ನಿಂದಲೇ, ದಸರೆಗೆ ಮುಂಚೆ ಶುರುವಾಗಬೇಕು. ಅಲ್ಲಿಯವರೆಗೆ, ವಾರಗಟ್ಟಲೆ ಶಾಲೆಗೆ ಹೋಗದ ಮಗು ನಿಮ್ಮ ಓಣಿಯಲ್ಲಿದ್ದರೆ ಹೆಡ್‌ಮಾಸ್ತರರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು.