ಕಪ್ಪು ಕಾರು, ಬೆಣಚುಕಲ್ಲಿನ ಧೂಳು

ರಾತ್ರಿ ಹೊತ್ತು ಬೀದಿದೀಪದ ಕೆಳಗೆ ನಿಲ್ಲಿಸಿದ ಕಪ್ಪು ಕಾರಿನ ಬಾನೆಟ್ಟನ್ನು ಹತ್ತಿರದಿಂದ ನೋಡಿ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆ ಹೆಣೆದಂತೆ ಸಣ್ಣ ಗೆರೆಗಳ ಸುತ್ತು ಕಾಣುತ್ತದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೂ ಸರಿಯುತ್ತದೆ. ಬಣ್ಣದ ಮೇಲೆ ನಿಜಕ್ಕೂ ಸುತ್ತು ಬಿದ್ದಿದ್ದರೆ ಅದು ಹೀಗೆ ಜಾಗ ಬದಲಿಸುತ್ತಿರಲಿಲ್ಲ. ಅಲ್ಲಿರುವುದು ಎಲ್ಲ ದಿಕ್ಕಿಗೂ ಹರಡಿದ ಸಾವಿರಾರು ನವಿರಾದ ಗೀರುಗಳು. ಅವುಗಳಲ್ಲಿ ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಕಾಣುವುದಿಲ್ಲ. ಕಂಡವಷ್ಟೇ ಸೇರಿ ವೃತ್ತದಂತೆ ತೋರುತ್ತವೆ.

ಬಿಳಿ ಕಾರಿನಲ್ಲೂ ಇಷ್ಟೇ ಗೀರುಗಳಿರುತ್ತವೆ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಗೀರು ಚದುರಿಸುವ ಚೂರು ಬೆಳಕು ಅದರಲ್ಲಿ ಕರಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ನುಂಗದೆ ಉಳಿದದ್ದು ಗೀರಿನ ಬೆಳಕು ಮಾತ್ರ, ಹಾಗಾಗಿ ಅದೇ ಎದ್ದು ಕಾಣುತ್ತದೆ. ಕಡುನೀಲಿ, ಕಡುಹಸಿರು, ಮರೂನ್ ಕಾರುಗಳದ್ದೂ ಇದೇ ಪಾಡು.

ಈ ಗೀರುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಬೀಳುವುದಿಲ್ಲ, ಮನೆಯಂಗಳದಲ್ಲಿ ಬೀಳುತ್ತವೆ. ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಕಾರನ್ನು ಝಾಡಿಸಿ ಒರೆಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಬಾಗಲಕೋಟೆ ಜಿಲ್ಲೆಯಲ್ಲಿ ಆ ಅಭ್ಯಾಸ ಉಳಿದ ಕಡೆಗಿಂತ ದುಬಾರಿ, ಯಾಕೆಂದರೆ ಇಲ್ಲಿನ ಧೂಳು ಇಲ್ಲಿನ ಕಲ್ಲಿನಿಂದ ಹುಟ್ಟಿದ್ದು. ಬಾದಾಮಿಯ ಬೆಟ್ಟಗಳು ಮರಳುಗಲ್ಲಿನವು. ಬೆಣಚಿನ ಹರಳುಗಳನ್ನು ಪ್ರಕೃತಿ ಸಿಲಿಕಾ ಮತ್ತು ಕಬ್ಬಿಣದ ಆಕ್ಸೈಡಿನಿಂದ ಬೆಸೆದ ಕಲ್ಲು ಅದು. ಕೆಂಪು ಬಣ್ಣ ಕಬ್ಬಿಣದ್ದು, ಗಟ್ಟಿತನ ಬೆಣಚಿನದು. ಅಲ್ಲಿನ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಕ್ರಿ.ಶ. 578ರಲ್ಲಿ ಬರೆಸಿದ ಶಾಸನವಿದೆ. ಅಷ್ಟು ಶತಮಾನಗಳ ಗಾಳಿ ಮಳೆ ತಾಳಿಕೊಂಡ ಕಲ್ಲಿನ ಕಣಗಳೇ ಬೇಸಿಗೆಯ ಗಾಳಿಗೆ ಹಾರಿ ಬಂದು ಬಾನೆಟ್ಟಿನ ಮೇಲೆ ಕೂರುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್ ಬೇರೆ ಜಾತಿಯ ಶಿಲೆಯಾದರೂ ಅದರಲ್ಲಿಯೂ ಬೆಣಚು ಇದೆ, ಜೊತೆಗೆ ಫೆಲ್ಡ್‌ಸ್ಪಾರ್.

ಖನಿಜಗಳ ಗಟ್ಟಿತನ ಅಳೆಯಲು ಫ್ರೀಡ್ರಿಶ್ ಮೋಸ್ 1812ರಲ್ಲಿ ಹತ್ತು ಮೆಟ್ಟಿಲಿನ ಮಾಪನವೊಂದನ್ನು ಕೊಟ್ಟ. ವಜ್ರ 10, ಬೆಣಚು 7, ಫೆಲ್ಡ್‌ಸ್ಪಾರ್ 6. ಕಿಟಕಿಯ ಗಾಜು ಸುಮಾರು ಐದೂವರೆ. ಕಾರಿನ ಮೇಲ್ಪದರ, ಅಂದರೆ ಕ್ಲಿಯರ್ ಕೋಟ್, ಬರೀ ಪಾರದರ್ಶಕ ಪ್ಲಾಸ್ಟಿಕ್. ಗಾಜಿಗಿಂತ ಎಷ್ಟೋ ಮೆದು. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರ ಮತ್ತು ಬಣ್ಣದ ನಡುವೆ ಒಂದು ಬೆಣಚಿನ ಕಣ ಸಿಕ್ಕಿತೆಂದರೆ ಕೈ ಹೋದ ಉದ್ದಕ್ಕೂ ಗೀರು ತಪ್ಪಿದ್ದಲ್ಲ.

ಹಾಗಾಗಿ ತೊಳೆಯುವ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿದೆ: ಕೈ ಮುಟ್ಟುವ ಮೊದಲೇ ಧೂಳು ಇಳಿದುಹೋಗಬೇಕು. ಆ ಕೆಲಸ ನೀರಿನದು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಹೊಲಕ್ಕೆ ಔಷಧ ಹೊಡೆಯುವಂಥ, ಬೆನ್ನಿಗೆ ಕಟ್ಟುವ 16 ಲೀಟರಿನ ಪಂಪು ಸಾಕು. ಹೊಸದನ್ನೇ ತಂದು ಕಾರಿಗೆಂದೇ ಇಡಿ. ಹೊಲದಲ್ಲಿ ಬಳಸಿದ್ದು ಖಂಡಿತ ಬೇಡ, ಕೀಟನಾಶಕದ ಶೇಷ ಮೈಗೂ ಬಣ್ಣಕ್ಕೂ ಒಳ್ಳೆಯದಲ್ಲ. ಪೈಪು ಬಿಟ್ಟು ನೀರು ಹರಿಸುವುದಕ್ಕಿಂತ ಇದು ಮಿತವ್ಯಯದ ದಾರಿ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಅದೂ ಲೆಕ್ಕಕ್ಕೆ ಬರುವ ಮಾತು.

ಮೇಲಿನಿಂದ ಕೆಳಕ್ಕೆ ನೀರು ಸಿಂಪಡಿಸಿ ಐದಾರು ನಿಮಿಷ ನೆನೆಯಲು ಬಿಡಿ. ಹುನಗುಂದದ ಎರೆ ಸೀಮೆಯಲ್ಲಿ ಮಳೆಗಾಲದಲ್ಲಿ ಓಡಾಡಿದ ಕಾರಾದರೆ ಇನ್ನಷ್ಟು ಹೊತ್ತು ಬೇಕು. ಎರೆಮಣ್ಣು ನೀರು ಹೀರಿ ಉಬ್ಬುವ ಜೇಡಿ. ಒಣಗಿದಾಗ ಕಲ್ಲಿನಂತೆ ಕಚ್ಚಿಕೊಳ್ಳುವ ಅದು ಪೂರಾ ನೆನೆದರೆ ತಾನಾಗಿ ಜಾರುತ್ತದೆ. ಉಗುರಿನಿಂದ ಕಿತ್ತರೆ ಒಳಗಿನ ಮರಳು, ಸುಣ್ಣದ ಹರಳು ಬಣ್ಣವನ್ನು ಕೆರೆದುಕೊಂಡೇ ಬರುತ್ತವೆ.

ಆಮೇಲೆ ಕಾರಿನ ಶಾಂಪೂ. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ಹಾಗಾಗಿ ಅದು ಕೊಳೆಯನ್ನು ಸುತ್ತುವರಿದು ಎಬ್ಬಿಸುತ್ತದೆ, ಉಳಿದ ಕಣಗಳು ಉಜ್ಜಾಡದೆ ಜಾರುವಂತೆ ನಡುವೆ ಒಂದು ಪದರವನ್ನೂ ಕೊಡುತ್ತದೆ. ಬಕೆಟ್ ಎರಡಿರಲಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಎರಡನೆಯ ಬಕೆಟ್ಟಿನ ತಳದಲ್ಲಿ ಕೂತ ಕೆಂಪು ರೇವೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಅದು ಎಷ್ಟು ಒರಟೆಂದು ಗೊತ್ತಾಗುತ್ತದೆ. ಬಕೆಟ್ ಒಂದೇ ಆಗಿದ್ದರೆ ಅಷ್ಟೂ ತಿರುಗಿ ಬಾನೆಟ್ಟಿಗೇ ಹೋಗುತ್ತಿತ್ತು. ಮೈಕ್ರೋಫೈಬರ್ ಬಟ್ಟೆಯ ಎಳೆಗಳು ಕೂದಲಿಗಿಂತ ಎಷ್ಟೋ ಸಪೂರ, ಕಣವನ್ನು ಒಳಗೆ ಸೆಳೆದಿಟ್ಟುಕೊಳ್ಳುತ್ತವೆ. ಹಳೆ ಅಂಗಿಯ ಹೊಲಿಗೆ, ಗುಂಡಿ ಆ ಕೆಲಸ ಮಾಡಲಾರವು. ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೇ? ಒಗೆಯುವವರೆಗೆ ಅದನ್ನು ಕಾರಿಗೆ ಮುಟ್ಟಿಸಬೇಡಿ.

ಬಟ್ಟೆ ಒಗೆಯುವ ಪುಡಿ ಬೇಡ. ಅದು ಕ್ಷಾರ, ವ್ಯಾಕ್ಸನ್ನು ಎಬ್ಬಿಸುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಲೋಕಾಪುರ, ಮುದ್ದಾಪುರ ಕಡೆಯ ನೆಲದಡಿ ಸುಣ್ಣದಕಲ್ಲಿದೆ, ಸಿಮೆಂಟ್ ಕಾರ್ಖಾನೆಗಳು ಈ ಜಿಲ್ಲೆಗೆ ಬಂದದ್ದೇ ಅದಕ್ಕಾಗಿ. ಅಂಥ ನೆಲದ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಪುಡಿಯಲ್ಲಿರುವ ವಾಷಿಂಗ್ ಸೋಡಾ ಅದರೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಳಿ ರೇವೆ ಕಟ್ಟುತ್ತದೆ.

ಗಡಸು ನೀರೇ ಕಪ್ಪು ಕಾರಿನ ಎರಡನೆಯ ಶತ್ರು. ಹನಿ ಆರಿದರೆ ನೀರು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅದೂ ಉಂಗುರದ ಆಕಾರದಲ್ಲಿ. ಹನಿಯ ಅಂಚು ಬೇಗ ಆರುವುದರಿಂದ ನಡುವಿನ ನೀರು ಅಂಚಿನತ್ತ ಹರಿದು ಲವಣವನ್ನು ಅಲ್ಲಿಗೇ ಸಾಗಿಸುತ್ತದೆ. ಕಾಫಿಯ ಕಲೆ ಅಂಚಿನಲ್ಲೇ ಗಾಢವಾಗುವುದೇಕೆಂದು ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದ್ದು ಇದನ್ನೇ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ತಗಡು ಕೈಯಿಡಲಾರದಷ್ಟು ಕಾಯುತ್ತದೆ, ಅಲ್ಲಿ ಹನಿ ಆರಲು ಕ್ಷಣ ಸಾಕು. ಹನಿಯೇ ಮಸೂರವಾಗಿ ಬಣ್ಣ ಸುಡುತ್ತದೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ತಗಡಿಗೆ ಅಂಟಿದ ಹನಿಯ ನಾಭಿ ಬಣ್ಣದ ಪದರಕ್ಕಿಂತ ಬಹಳ ಕೆಳಗೆ ಬೀಳುತ್ತದೆ. ಕಲೆ ಮಾಡುವುದು ಸುಣ್ಣ. ಆದ್ದರಿಂದ ಹೊತ್ತು ಏರುವ ಮೊದಲೇ ನೆರಳಿನಲ್ಲಿ ತೊಳೆಯಿರಿ, ಒಂದೊಂದು ಭಾಗ ತೊಳೆದಂತೆಲ್ಲ ದಪ್ಪ ಟವೆಲ್ಲಿನಿಂದ ನೀರು ಒತ್ತಿ ತೆಗೆಯಿರಿ. ಹಿಡಿದಿಟ್ಟ ಮಳೆನೀರಿದ್ದರೆ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಸ ಕಲೆಯಾದರೆ ಸಮಪಾಲು ನೀರು ಬೆರೆಸಿದ ವಿನೆಗರ್ ಕರಗಿಸುತ್ತದೆ. ಒಂದು ನಿಮಿಷದಲ್ಲಿ ತೊಳೆದುಬಿಡಬೇಕು.

ಇನ್ನು ಪಾಲಿಶ್. ಇದನ್ನು ತಿಳಿಯಲು ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಗರಗಸದಿಂದ ಬಂದ ಹಲಗೆ ಮಂಕಾಗಿರುತ್ತದೆ, ನೀರು ಸುರಿದಾಗ ಮಾತ್ರ ಬಣ್ಣ ಏರುತ್ತದೆ. ಮೊದಲು ಒರಟು ಹರಳಿನ ಕಲ್ಲು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು, ಹೀಗೆ ನೀರು ಹರಿಸುತ್ತಲೇ ಉಜ್ಜುತ್ತಾರೆ. ಪ್ರತಿ ಹಂತವೂ ಹಿಂದಿನ ಹಂತದ ಗೀರನ್ನು ತೆಗೆದು ತನ್ನ ಸಣ್ಣ ಗೀರನ್ನು ಬಿಡುತ್ತದೆ. ಕೊನೆಗೆ ಗೀರುಗಳು ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕವಾದಾಗ ಕಲ್ಲು ಕನ್ನಡಿಯಾಗುತ್ತದೆ. ಕಾರಿನ ಪಾಲಿಶ್ ಕೂಡ ಇದೇ. ಡಬ್ಬಿಯಲ್ಲಿರುವುದು ಹೊಳಪಲ್ಲ, ನುಣ್ಣನೆಯ ಅಲ್ಯುಮಿನಿಯಂ ಆಕ್ಸೈಡ್ ಹರಳು. ಅದು ಬಣ್ಣಕ್ಕೆ ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತದೆ.

ಹಲಗೆಯ ದಪ್ಪ ಸುಮಾರು 20 ಮಿಲಿಮೀಟರ್, ಎಷ್ಟು ಉಜ್ಜಿದರೂ ಭಯವಿಲ್ಲ. ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನೇರಳಾತೀತ ಕಿರಣದಿಂದ ಬಣ್ಣವನ್ನು ಕಾಯುವುದೂ ಅದೇ. ಒಂದು ಪಾಲಿಶ್ ಕೆಲವು ಮೈಕ್ರಾನ್ ತಿನ್ನುತ್ತದೆ. ವರ್ಷಕ್ಕೊಮ್ಮೆ ಮಷಿನ್ ಹಚ್ಚಿಸಿ ಬಫಿಂಗ್ ಮಾಡಿಸುವವರನ್ನು ಕಂಡಾಗ ಸಂಕಟವಾಗುತ್ತದೆ, ಆ ಪದರ ಮತ್ತೆ ಬೆಳೆಯುವುದಿಲ್ಲ. ಉಗುರು ಅಡ್ಡ ಆಡಿಸಿದಾಗ ಸಿಕ್ಕಿಕೊಳ್ಳುವ ಗೀರಿನ ಗೊಡವೆಗೆ ಮನೆಯಲ್ಲಿ ಹೋಗಲೇಬಾರದು. ನವಿರಾದ ಗೀರಿದ್ದರೆ ಎಲ್ಲಕ್ಕಿಂತ ನಯವಾದ ಪಾಲಿಶನ್ನು ಸ್ಪಾಂಜಿಗೆ ಹಚ್ಚಿ, ಅಂಗೈಯಗಲ ಜಾಗದಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ಅಂಚು, ಮೂಲೆಗಳನ್ನು ಬಿಡಿ, ಅಲ್ಲಿ ಪದರ ಇನ್ನೂ ತೆಳು.

ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸಿದರೆ ಥಟ್ಟನೆ ಮಿಂಚುವುದು ನಿಜ. ಕ್ಲಿಯರ್ ಕೋಟಿನ ವಕ್ರೀಭವನಾಂಕ ಸುಮಾರು 1.5, ಡೀಸೆಲ್ಲಿನದು ಅದರ ಆಸುಪಾಸು. ಎಣ್ಣೆ ತುಂಬಿದ ಗೀರಿನಲ್ಲಿ ಬೆಳಕು ಚದುರದೆ ಸಾಗುವುದರಿಂದ ಗೀರು ಮಾಯವಾದಂತೆ ಕಾಣುತ್ತದೆ. ಸಂಜೆಯೊಳಗೆ ಜಿಡ್ಡಿಗೆ ಊರ ಧೂಳೆಲ್ಲ ಅಂಟುತ್ತದೆ, ಮರುದಿನದ ಒರೆಸುವಿಕೆ ಅದನ್ನೇ ಉಜ್ಜುತ್ತದೆ. ವ್ಯಾಕ್ಸ್ ಮಾಡುವುದೂ ಬಹುಮಟ್ಟಿಗೆ ಗೀರು ತುಂಬುವ ಕೆಲಸವನ್ನೇ, ಆದರೆ ಅದು ಒಣಗಿ ನಿಲ್ಲುತ್ತದೆ. ಬ್ರೆಜಿಲ್‌ನ ತಾಳೆಯೆಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು, ಹಾಗಾಗಿ ನಮ್ಮ ಬೇಸಿಗೆಯನ್ನೂ ತಡೆಯುತ್ತದೆ. ತೆಳುವಾಗಿ ಹಚ್ಚಿದರೆ ಸಾಕು.

ಮಹಾನವಮಿಯ ಪೂಜೆಯ ಮರುದಿನ ಮಾತ್ರ ಒಂದು ಎಚ್ಚರ ಬೇಕು. ಬಾನೆಟ್ಟಿಗೆ ಬಳಿದ ವಿಭೂತಿಯನ್ನು ಒಣಬಟ್ಟೆಯಿಂದ ಉಜ್ಜಬೇಡಿ. ಹುಲ್ಲು, ಜೋಳದ ಕಣಿಕೆ ತನ್ನ ಮೈಯಲ್ಲಿ ಸಿಲಿಕಾ ಕೂಡಿಟ್ಟುಕೊಳ್ಳುತ್ತದೆ. ಅದನ್ನು ಮೇಯ್ದ ದನದ ಸಗಣಿ ಸುಟ್ಟರೆ ಸಿಲಿಕಾ ಬೂದಿಯಲ್ಲೇ ಉಳಿಯುತ್ತದೆ. ಲಿಂಬೆಹಣ್ಣಿನ ರಸ ಸಿಡಿದಿದ್ದರೆ ಅದನ್ನು ಅದೇ ದಿನ ತೊಳೆಯಿರಿ. ಕುಂಕುಮ, ವಿಭೂತಿಯ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಟ್ಟು, ಮೇಲಿನಿಂದ ನೀರು ಹೊಯ್ದರೆ ಉಜ್ಜದೆಯೇ ಇಳಿದುಹೋಗುತ್ತವೆ.